ಅರುಂಧತಿ ಕಾಣ್ತಾಳಾ, ಹಿಂದೂಪುರಂ?

“ಹಿಂದೂಪುರಂ, ಒಂದ್ ಸಹಾಯ ಮಾಡ್ತೀರಾ? ನಿಮ್ ಕಿಟಕಿಯಿಂದ ಉತ್ತರದ ಕಡೆ ಏಳು ಚುಕ್ಕೆ ಕಾಣ್ತಾವಾ?”

ಚೌಡೇಶ್ವರಿ ಹೆಡ್‌ಸೆಟ್ ಸರಿಮಾಡಿಕೊಂಡಳು. ಲೈನಿನಲ್ಲಿದ್ದವನು ಕಲ್ಯಾಣದುರ್ಗದ ಟೆಲಿಫೋನ್ ಆಪರೇಟರ್, ಅವಳು ಹಿಂದೂಪುರದವಳು; ಆಪರೇಟರುಗಳು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ರೂಢಿ. ಮಂಡಿಯವರೊಬ್ಬರು ಬುಕ್ ಮಾಡಿದ್ದ ಟ್ರಂಕ್ ಕಾಲ್‌ಗೆ ಆ ಕಡೆಯ ಪಾರ್ಟಿ ಬಂದು ಫೋನ್ ಎತ್ತುವವರೆಗೆ ಇಬ್ಬರೂ ಕಾಯುತ್ತಿದ್ದರು. ಇಷ್ಟು ದಿನ ಅವನ ಬಾಯಿಂದ ಅವಳು ಕೇಳಿದ್ದು ತೆಲುಗಿನಲ್ಲಿ ನಂಬರುಗಳನ್ನು ಮಾತ್ರ. ಇವತ್ತು ಇದ್ದಕ್ಕಿದ್ದಂತೆ ಕನ್ನಡ, ಅದರಲ್ಲೂ ಇಂಥ ಪ್ರಶ್ನೆ.

“ಏನಂದ್ರಿ?”

“ಏಳು ಚುಕ್ಕೆ. ಮಂಚದ ಕಾಲಿನಂಗೆ ನಾಲ್ಕು, ಹಿಂದೆ ಬಾಲದಂಗೆ ಮೂರು. ಎದ್ದು ಒಂದ್ಸಲ ನೋಡಿ ಹೇಳಿ.”

“ಯಾಕೆ, ನಿಮ್ಮೂರಾಗೆ ಆಕಾಶ ಇಲ್ವಾ?”



“ಐತೆ ಮೇಡಂ,” ಎಂದ ಅವನು, ದನಿ ತಗ್ಗಿಸಿ.

“ಹಂಗಾದ್ರೆ ಅದನ್ನೇ ನೋಡ್ಕಳ್ಳಿ,” ಎಂದು ಅವಳು ಪಾರ್ಟಿಗೆ ಲೈನ್ ಕೊಟ್ಟಳು.

ಪಕ್ಕದ ಟೆಲಿಫೋನ್ ಬೋರ್ಡಿನಲ್ಲಿ ಕೂತಿದ್ದ ಮುನೆಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. “ಚುಕ್ಕೆ ತೋರ್ಸಕ್ಕೆ ಬಂದವ್ನೆ ಕಣಮ್ಮ. ಹುಷಾರು.”

ಚೌಡೇಶ್ವರಿಗೆ ನಗು ಬರಲಿಲ್ಲ. ಈ ಕೆಲಸಕ್ಕೆ ಸೇರಿದಾಗಿನಿಂದ ಅವಳ ದನಿಯನ್ನು ಹೊಗಳಿದವರು, ಸಿನಿಮಾಕ್ಕೆ ಕರೆದವರು, ಹೆಸರು ಕೇಳಿ ಕಾಡಿದವರು ಎಷ್ಟೋ ಜನ. ಇವನದು ಹೊಸ ದಾರಿ, ಅಷ್ಟೇ. ಅವಳಿಗೆ ಮೂವತ್ತಮೂರಾಗಿತ್ತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕು, ಅದೂ ಅವಳಲ್ಲಿ ಉಳಿದಿರಲಿಲ್ಲ.

ಅದು ಎಂಬತ್ತರ ದಶಕದ ಒಂದು ಬೇಸಿಗೆಯ ಕೊನೆ. ಹಿಂದೂಪುರದ ಗೋಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯ ಮೇಲೆ ಉಗುಳುತ್ತಿದ್ದವು. ಡ್ಯೂಟಿ ಮುಗಿಸಿ ನೇಕಾರರ ಬೀದಿಯ ಮನೆಗೆ ಬಂದಾಗ ತಮ್ಮ ಶ್ರೀರಾಮುಲು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಇನ್ನೂ ನೇಯುತ್ತಿದ್ದ. ಅವನ ಹೆಂಡತಿ ರಾಮಕ್ಕ ಮುಚ್ಚಿಟ್ಟಿದ್ದ ಊಟ ಆರಿತ್ತು. ಚೌಡೇಶ್ವರಿ ಎರಡು ತುತ್ತು ತಿಂದು ಚಾಪೆ ಎತ್ತಿಕೊಂಡು ಮಾಳಿಗೆಗೆ ಹೋದಳು.

ಬೇಸಿಗೆಯಲ್ಲಿ ಆ ಬೀದಿಯವರೆಲ್ಲ ಮಲಗುವುದು ಮಾಳಿಗೆಯ ಮೇಲೆಯೇ. ಆದರೆ ಚೌಡೇಶ್ವರಿ ಮೇಲೆ ಮಲಗಲು ಶುರುಮಾಡಿದ್ದು ಈ ವರ್ಷ. ಅದಕ್ಕೂ ಮುಂಚೆ ವರ್ಷಗಟ್ಟಲೆ ಅವಳು ಕೆಳಗಿನ ಕೋಣೆಯಲ್ಲಿ, ಲಕ್ವ ಹೊಡೆದ ಅಪ್ಪ ಶಂಕರಯ್ಯನ ಮಂಚದ ಕಾಲಬಳಿ ಮಲಗುತ್ತಿದ್ದಳು. ಮಗ್ಗುಲು ಬದಲಿಸಬೇಕು, ಬಟ್ಟೆ ಬದಲಿಸಬೇಕು, ನೀರು ಕುಡಿಸಬೇಕು. ಹಗಲು ಡ್ಯೂಟಿ, ರಾತ್ರಿ ಅಪ್ಪ. ಬಂದ ಸಂಬಂಧಗಳೆಲ್ಲ ಬಾಗಿಲಿನಿಂದಲೇ ಆ ಮಂಚವನ್ನು ನೋಡಿ ಹಿಂದಿರುಗಿದ್ದವು. ಹೋದ ಕಾರ್ತಿಕದಲ್ಲಿ ಅಪ್ಪ ತೀರಿಕೊಂಡಾಗ ಅವಳು ಅತ್ತಳು. ಆಮೇಲೆ ಎರಡು ದಿನ ಎಚ್ಚರವಿಲ್ಲದಂತೆ ನಿದ್ದೆ ಮಾಡಿದಳು. ಆ ನಿದ್ದೆಗೆ ಅವಳಿಗೆ ಇವತ್ತಿಗೂ ನಾಚಿಕೆಯಾಗುತ್ತಿತ್ತು.

ಅವಳು ಬೆನ್ನು ಚಾಚಿದಳು. ಬೇಡವೆಂದರೂ ಕಣ್ಣು ಉತ್ತರಕ್ಕೆ ಹೋಯಿತು. ನಾಲ್ಕು ಚುಕ್ಕೆ ಮಂಚದಂತೆ. ಮೂರು ಬಾಲದಂತೆ. ಅಲ್ಲೇ ಇದ್ದವು, ಯಾರ ಅಪ್ಪಣೆಗೂ ಕಾಯದೆ.

*

“ಏಳೂ ಇದ್ವು,” ಎಂದಳು ಮಾರನೆಯ ಸಂಜೆ, ಅವನು ನಂಬರ್ ಹೇಳುವುದಕ್ಕೂ ಮೊದಲೇ.

ಕಲ್ಯಾಣದುರ್ಗಂ ಉಸಿರು ಬಿಟ್ಟಿದ್ದು ತಂತಿಯಲ್ಲಿ ಕೇಳಿಸಿತು. “ನೋಡಿದ್ರಾ? ನಿನ್ನೆ ತಪ್ಪು ತಿಳ್ಕಂಡ್ರಿ ಅನ್ಕಂಡೆ.”

“ತಪ್ಪೇ ತಿಳ್ಕಂಡಿದ್ದು. ಈಗ್ಲೂ ಅಂಗೇ ಐತೆ. ಆದ್ರೂ ನೋಡ್ದೆ.”

“ಬಾಲದ ನಡುವಿನ ಚುಕ್ಕೆ ಮಗ್ಗುಲಾಗೆ ಇನ್ನೊಂದು ಸಣ್ಣದೈತೆ. ಅರುಂಧತಿ. ಕಾಣ್ತಾಳಾ?”

“ನೋಡ್ಲಿಲ್ಲ.”

“ಇವತ್ತು ನೋಡ್ತೀರಾ?”

“ನಾನೇನ್ ನಿಮ್ ಹತ್ರ ಕೂಲಿಗೆ ಇದೀನಾ?”

ಅವನು ನಕ್ಕ. ಮೆತ್ತಗಿನ ನಗೆ, ಕೇಳುವವರಿಗೂ ಆಯಾಸವಾಗದಂಥದ್ದು. ಅವಳು ಸಂಜೆಯ ಟೀ ಬಿಡುವಿನಲ್ಲಿ ಎಕ್ಸ್‌ಚೇಂಜಿನ ಮಾಳಿಗೆ ಹತ್ತಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ನಡುವಿನ ಚುಕ್ಕೆಗೆ ಒತ್ತಿಕೊಂಡು, ಇದ್ದೂ ಇಲ್ಲದಂತೆ, ಸೂಜಿಮೊನೆಯಷ್ಟು ಬೆಳಕು.

ಕೆಳಗೆ ಬಂದು ಪ್ಲಗ್ ಹಾಕಿ, “ಅರುಂಧತಿ ಅವ್ಳೆ,” ಎಂದಳು.

ಹೀಗೆ ಶುರುವಾಯಿತು. ಅವನ ಹೆಸರು ಈರಲಿಂಗಪ್ಪ. ಊರು ಕಂಬದೂರಿನ ಕಡೆಯ ಹಳ್ಳಿ. ಮನೆಯವರು ಕುರಿ ಕಾಯುವವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಯಲಿನಲ್ಲಿ ಮಂದೆಯ ಪಕ್ಕ ಮಲಗಿ ಚುಕ್ಕೆ ಕಲಿತವನು. ಏಳು ಚುಕ್ಕೆಗೆ ಅವರ ಕಡೆ ಮುದುಕಿ ಮಂಚ ಅನ್ನುತ್ತಾರಂತೆ. ಬಾಲದ ಮೂವರು ಮಂಚ ಕದಿಯಲು ಬಂದ ಕಳ್ಳರು.

“ಮುದುಕಿಗೆ ಎಚ್ಚರ ಆಗಲ್ವಾ?” ಎಂದು ಕೇಳಿದಳು ಚೌಡೇಶ್ವರಿ.

“ಪಾಪ, ದಣಿದವ್ಳೆ. ಮಲಗ್ಲಿ ಬಿಡಿ.”

ಲೈನ್ ಖಾಲಿಯಿದ್ದಾಗ ಅವನು ಒಂದೊಂದಾಗಿ ದಾರಿ ಹೇಳುತ್ತಿದ್ದ. ಕಳ್ಳರ ಬೆನ್ನಿನ ಬಾಗನ್ನು ಹಾಗೇ ಮುಂದಕ್ಕೆ ಎಳೆದರೆ ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ಸ್ವಾತಿ. ಇನ್ನೂ ಎಳೆದರೆ ದಕ್ಷಿಣದಲ್ಲಿ ಚಿತ್ತಾ, ತೊಳೆದಿಟ್ಟ ಹಾಗೆ ಬಿಳುಪು. ಇನ್ನೂ ಕೆಳಗೆ, ಬೆಟ್ಟದ ಸಾಲಿನ ಮೇಲೆ ವಾಲಿಕೊಂಡು ತ್ರಿಶಂಕು. ಆಗ್ನೇಯದಲ್ಲಿ ಚೇಳು ತಲೆ ಎತ್ತುತ್ತಿರುತ್ತದೆ, ಅದರ ಎದೆಯಲ್ಲಿ ಕೆಂಪು ಕೆಂಡದಂಥ ಜ್ಯೇಷ್ಠಾ.

ಅವಳು ನೋಡಿಬಂದು ಹೇಳುತ್ತಿದ್ದಳು. ಬರೀ ‘ಇತ್ತು’ ಎಂದರೆ ಅವನಿಗೆ ಸಾಲದು. ಎಷ್ಟು ಕೆಂಪು? ಮಿಣಮಿಣ ಅಂತಿತ್ತಾ, ನಿಂತಂಗಿತ್ತಾ? ತ್ರಿಶಂಕುವಿನ ಕೆಳಗಿನ ಚುಕ್ಕೆ ಧೂಳಿನಲ್ಲಿ ಮುಳುಗಿತ್ತಾ? ಅವಳು ಹೇಳುವಾಗ ಅವನು ಉಸಿರೂ ಬಿಡದೆ ಕೇಳುತ್ತಿದ್ದ. ತನ್ನ ಮಾತನ್ನು ಯಾರಾದರೂ ಇಷ್ಟು ಆಸೆಯಿಂದ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಅವಳ ಕೈ ಬೇಕಿತ್ತು, ಸಂಬಳ ಬೇಕಿತ್ತು. ಇವನಿಗೆ ಅವಳು ಏನು ಕಂಡಳೆಂಬುದು ಬೇಕಿತ್ತು.

“ಇವತ್ತು ಜ್ಯೇಷ್ಠಾ ಎಂಗಿತ್ತು?” ಎಂದ ಒಂದು ಸಂಜೆ.

“ಕುಂಕುಮ ಇಟ್ಟಂಗಿತ್ತು.”

“ನೀವು ಇಟ್ಕಳ್ಳೋ ಅಷ್ಟಾ?”

“ನಾನ್ ಎಷ್ಟು ಇಟ್ಕಳ್ತೀನಿ ಅಂತ ನಿಮ್ಗೇನ್ ಗೊತ್ತು?”

“ಗೊತ್ತಿಲ್ಲ. ಅದಕ್ಕೇ ಕೇಳಿದ್ದು.”

ಮುನೆಮ್ಮ ಓರೆಗಣ್ಣಿನಲ್ಲಿ ನೋಡಿದಳು. ಚೌಡೇಶ್ವರಿ ಕೆನ್ನೆಗೆ ಅಂಗೈ ಒತ್ತಿಕೊಂಡು, ಇಲ್ಲದ ಕರೆಯೊಂದಕ್ಕೆ ಪ್ಲಗ್ ಹುಡುಕಿದಳು.

*

ಧರ್ಮಾವರದಿಂದ ಸಂಬಂಧ ಬಂದಿದ್ದು ಆ ದಿನಗಳಲ್ಲೇ. ಹೆಂಡತಿ ತೀರಿಕೊಂಡವರು, ಸ್ವಂತ ಮಗ್ಗಗಳಿವೆ, ಒಳ್ಳೆಯ ಜನ ಎಂದು ಶ್ರೀರಾಮುಲು ಹೇಳಿದ. ಅಕ್ಕನ ಮುಖ ನೋಡದೆ, ಲಾಳಿಯ ನೂಲು ಸರಿಮಾಡುತ್ತಲೇ ಹೇಳಿದ.

“ಅವ್ರ ತಾಯಿಗೆ ಎದ್ದು ಓಡಾಡಕ್ಕೆ ಆಗಲ್ವಂತೆ. ನೀನು ಅಪ್ಪನ್ನ ನೋಡ್ಕಂಡಿದ್ದು ಕೇಳವ್ರೆ. ಇಂಥ ಹುಡುಗಿನೇ ಬೇಕು ಅಂದ್ರಂತೆ.”

ಚೌಡೇಶ್ವರಿ ನಕ್ಕಳು. ನಗು ನಿಂತ ಮೇಲೆ ಕೇಳಿದಳು: “ಹುಡುಗಿ ಬೇಕಂತಾ, ಆಯಾ ಬೇಕಂತಾ?”

“ಅಕ್ಕಾ, ನಾವ್ ಬಲವಂತ ಮಾಡಲ್ಲ. ಆದ್ರೆ ಇನ್ನೊಂದು ಬತ್ತದೆ ಅಂತ ನಂಗೆ ಧೈರ್ಯ ಇಲ್ಲ.”

ಅವನದೂ ಸುಳ್ಳಲ್ಲ. ಅವಳು ಒಂದು ವಾರ ಗಡುವು ಕೇಳಿದಳು. ಆ ಸಂಜೆ ಲೈನಿನಲ್ಲಿ, ಚಿತ್ತಾ ಬಗ್ಗೆ ಹೇಳುವ ಮಧ್ಯೆ ಅದನ್ನೂ ಹೇಳಿಬಿಟ್ಟಳು. ಹೇಳಿ ಕಾದಳು. ಏನಕ್ಕೆ ಕಾಯುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ಗೊತ್ತಿರಲೇಬೇಕು.

“ಒಳ್ಳೇದು,” ಎಂದ ಈರಲಿಂಗಪ್ಪ. “ಮಾಡ್ಕಳ್ಳಿ ಮೇಡಂ.”

“ಸರಿ,” ಎಂದು ಪ್ಲಗ್ ಕಿತ್ತಳು.

ಮೂರು ಸಂಜೆ ಅವಳು ಮಾಳಿಗೆ ಹತ್ತಲಿಲ್ಲ. ಅವನು ಕೇಳಲೂ ಇಲ್ಲ. ಇಬ್ಬರ ನಡುವೆ ಬರೀ ನಂಬರುಗಳು, ಅದೂ ತೆಲುಗಿನಲ್ಲಿ. ನಾಲ್ಕನೆಯ ದಿನ ಅವಳ ವಾರದ ರಜೆ. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಒಗೆದಿಟ್ಟಿದ್ದ ಹಸಿರು ಸೀರೆ ಉಟ್ಟು, ಮುನೆಮ್ಮನ ಊರಿಗೆ ಹೋಗುತ್ತೇನೆಂದು ರಾಮಕ್ಕನಿಗೆ ಸುಳ್ಳು ಹೇಳಿ ಮಡಕಶಿರದ ಬಸ್ಸು ಹತ್ತಿದಳು. ಅಲ್ಲಿಂದ ಪಾವಗಡ, ಅಲ್ಲಿಂದ ಕಲ್ಯಾಣದುರ್ಗ. ಅವನ ಮುಖ ನೋಡಿ ಒಂದೇ ಒಂದು ಪ್ರಶ್ನೆ ಕೇಳಿ ವಾಪಸ್ಸು ಬರುವುದು ಅವಳ ಲೆಕ್ಕಾಚಾರ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರು ಬೇರೆ ಬಸ್ಸಿಗೆ ಹತ್ತಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಕಲ್ಯಾಣದುರ್ಗದ ಎಕ್ಸ್‌ಚೇಂಜಿನ ಕಾಂಪೌಂಡಿನಲ್ಲಿ ಒಂದು ಬೇವಿನ ಮರ. ಅವಳು ಅದರಡಿ ನಿಂತಳು. ಹಗಲು ಡ್ಯೂಟಿ ಮುಗಿಸಿದವರು ಒಬ್ಬೊಬ್ಬರಾಗಿ ಹೊರಟುಹೋದರು. ಕೊನೆಯಲ್ಲಿ ಬಂದವನು ಉದ್ದಕ್ಕಿದ್ದ, ಕೊಂಚ ಬಾಗಿದ ಹೆಗಲು, ಬಿಳಿ ಅರೆತೋಳಿನ ಅಂಗಿ. ಬಾಗಿಲಲ್ಲಿ ನಿಂತು ಪ್ಯೂನ್‌ಗೆ, “ಇವತ್ತು ನಂದೂ ಹಗಲು ಡ್ಯೂಟಿ. ಬತ್ತೀನಿ ಕಣಪ್ಪ,” ಎಂದ. ಅದೇ ದನಿ.

ಅವನು ಕೊನೆಯ ಮೆಟ್ಟಿಲಲ್ಲಿ ನಿಂತ. ಕಾಲಿನಿಂದ ನೆಲ ತಡವಿ ಇಳಿದ. ಗೋಡೆಗೆ ಬೆರಳು ಸೋಕಿಸಿಕೊಂಡು ಮೆಲ್ಲಗೆ ಬಂದ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಕಂಬದ ಬಲ್ಬೂ ಹತ್ತಿತ್ತು. ಅವಳು ಮರದಡಿಯಿಂದ ಮುಂದೆ ಬಂದು, ಅವನ ದಾರಿಗೆ ನೇರವಾಗಿ ನಿಂತು, ಬಸ್ಸಿನುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದ ನಗೆಯನ್ನು ನಕ್ಕಳು.

ಅವನು ಅವಳನ್ನು ದಾಟಿ ಹೋದ. ಸೆರಗಿಗೆ ಅಂಗಿಯ ತೋಳು ತಾಗುವಷ್ಟು ಹತ್ತಿರದಲ್ಲಿ.

ನಾಲ್ಕು ಹೆಜ್ಜೆ ಹೋಗಿ, ನಿಲ್ಲಿಸಿದ್ದ ಸೈಕಲ್ಲಿಗೆ ಡಿಕ್ಕಿ ಹೊಡೆದ. ಅದು ಬಿತ್ತು. ಯಾರಿಗೂ ಬಯ್ಯದೆ, ದಿನವೂ ಮಾಡುವ ಕೆಲಸದಂತೆ ಬಗ್ಗಿ, ತಡಕಾಡಿ ಹ್ಯಾಂಡಲ್ ಹಿಡಿದು ಅದನ್ನು ಎತ್ತಿ ನಿಲ್ಲಿಸಿದ.

ಚೌಡೇಶ್ವರಿಯ ನಗು ಮುಖದ ಮೇಲೇ ಒಣಗಿತು. ಏಳು ಚುಕ್ಕೆ ಕಾಣ್ತಾವಾ ಎಂದು ಅವನು ಯಾಕೆ ಕೇಳಿದ್ದನೆಂದು ಅವಳಿಗೆ ಆಗ ತಿಳಿಯಿತು.

“ಕಲ್ಯಾಣದುರ್ಗಂ,” ಎಂದಳು.

ಅವನು ಸೈಕಲ್ ಹಿಡಿದುಕೊಂಡೇ ನಿಂತುಬಿಟ್ಟ. ದನಿ ಬಂದ ಕಡೆ ತಲೆ ತಿರುಗಿಸಿದ. ಕಣ್ಣು ಮಾತ್ರ ಅವಳ ಭುಜದಾಚೆ ಎಲ್ಲೋ ನೆಟ್ಟಿತ್ತು.

“ಹಿಂದೂಪುರಂ?”

*

ಈರಲಿಂಗಪ್ಪ ಇರುತ್ತಿದ್ದುದು ಅಕ್ಕ ತಿಪ್ಪಕ್ಕನ ಮನೆಯಲ್ಲಿ. ವಿಧವೆ, ಮಾತು ಕಡಿಮೆ. ತಮ್ಮನ ಜೊತೆ ಬಂದ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ಕೈಕಾಲಿಗೆ ನೀರು ಕೊಟ್ಟು, ಮುದ್ದೆ ಇಕ್ಕಿದಳು. “ಕೊನೇ ಬಸ್ಸು ಹೋಯ್ತು. ನನ್ ಜೊತೆ ಮಲಗಮ್ಮ, ಬೆಳಗ್ಗೆ ಹೋಗುವಂತೆ,” ಎಂದಳು. ಆಮೇಲೆ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದವಳು ಬೇಗ ಬರಲಿಲ್ಲ.

ಇಬ್ಬರೂ ಮನೆಯ ಮುಂದಿನ ಜಗಲಿಯಲ್ಲಿ, ನಡುವೆ ಒಂದು ಚೊಂಬು ನೀರಿಟ್ಟುಕೊಂಡು ಕೂತರು.

“ಯಾವಾಗಿಂದ?” ಎಂದಳು.

“ಚಿಕ್ಕಂದಿನಾಗೇ ಸ್ವಲ್ಪ ಮಬ್ಬಿತ್ತು. ಎಲ್ರಿಗೂ ಅಂಗೇ ಅನ್ಕಂಡಿದ್ದೆ. ಎರಡು ವರ್ಷದಿಂದ ಜಾಸ್ತಿ ಆಗೈತೆ. ಆವತ್ತು, ನಿಮ್ಮನ್ನ ಕೇಳಿದ ದಿನ, ಮಾಳಿಗೆ ಹತ್ತಿದ್ರೆ ಆಕಾಶ ಕರೀ ಹಲಗೆ ಆಗಿತ್ತು. ಮೋಡವಾ, ಕಣ್ಣಾ, ಗೊತ್ತಾಗ್ಲಿಲ್ಲ. ಇಲ್ಲಿ ಯಾರನ್ನಾದ್ರೂ ಕೇಳಿದ್ರೆ ಊರಿಗೆಲ್ಲ ತಿಳೀತದೆ. ಅದಕ್ಕೆ ದೂರದವ್ರನ್ನ ಕೇಳ್ದೆ.”

“ಆಮೇಲೆ ದಿನಾ ಯಾಕೆ ಕೇಳಿದ್ರಿ?”

“ನೀವ್ ಹೇಳಿದ್ರೆ ಕಾಣ್ತಿತ್ತು.”

ಅವಳು ನೀರು ಕುಡಿದಳು. ಅವನು ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ಹೇಳಿದ. ಮೊದಲು ರಾತ್ರಿಯ ನೋಟ ಹೋಗುತ್ತದೆ. ಆಮೇಲೆ ಅಕ್ಕಪಕ್ಕದ್ದು. ಹಗಲಿನಲ್ಲಿ ಈಗ ಚೆನ್ನಾಗಿಯೇ ಕಾಣುತ್ತದೆ. ಎಷ್ಟು ವರ್ಷ ಕಾಣುತ್ತದೆಂದು ಹೇಳಲಾಗದು. ಔಷಧಿಯಿಲ್ಲ.

“ಧರ್ಮಾವರದವ್ರನ್ನ ಮಾಡ್ಕಳ್ಳಿ ಅಂದಿದ್ದು ಇದಕ್ಕಾ?”

“ಅವ್ರ ತಾಯಿ ಮುದುಕಿ. ಇನ್ನೆಷ್ಟು ದಿನ ಇದ್ದಾರು? ನಂದು ಅಂಗಲ್ಲ. ನಾನು ಇನ್ನೂ ಮೂವತ್ತು ವರ್ಷ ಇರ್ತೀನಿ.”

ಅವಳಿಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿತು. ಕತ್ತಲಲ್ಲಿ ಅವನಿಗೆ ಕಾಣಲಿಲ್ಲ, ಆದರೆ ಉಸಿರು ಬದಲಾಗಿದ್ದು ಕೇಳಿಸಿತು. ಅವನ ಕೈ ಚೊಂಬನ್ನು ದಾಟಿ ಬಂದು, ಅವಳ ಕೈಯನ್ನು ಹುಡುಕಿ, ಮುಟ್ಟಿದ್ದೇ ತಪ್ಪಾಯಿತೇನೋ ಎಂಬಂತೆ ಅಲ್ಲೇ ನಿಂತಿತು.

“ನಿಮ್ಗೆ ಸುಳ್ಳು ಹೇಳಲ್ಲ,” ಎಂದಳು. “ನಂಗೆ ಸುಸ್ತಾಗೈತೆ ಕಣ್ರಿ. ಅಪ್ಪನ್ನ ಎತ್ತಿ ಇಳಿಸಿ ಬೆನ್ನು ಬಿದ್ದೋಗೈತೆ. ನಿಮ್ ಮ್ಯಾಲೆ ಮನಸ್ಸಿಲ್ಲ ಅಂತಲ್ಲ. ಮನಸ್ಸಿಲ್ದೆ ಇಷ್ಟು ದೂರ ಬತ್ತಿದ್ನಾ? ಮನಸ್ಸೈತೆ, ತೋಳಿನಾಗೆ ಬಲ ಇಲ್ಲ.”

“ಗೊತ್ತು. ಅದಕ್ಕೇ ನಾನ್ ಕೇಳ್ಲಿಲ್ಲ.”

“ನೀವ್ ಕೇಳಿದ್ರೆ ಇಲ್ಲ ಅನ್ಬೋದಿತ್ತು. ಕೇಳ್ದೆ ಇದ್ರೆ ಏನ್ ಮಾಡ್ಲಿ?”

ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಲೆಯ ಮೇಲೆ, ಹಿಂದೂಪುರದಲ್ಲಿ ಎಂದೂ ಕಾಣದಷ್ಟು ದಟ್ಟವಾಗಿ, ಆಕಾಶ ತುಂಬಿ ನಿಂತಿತ್ತು. ಅದನ್ನು ಹೇಳಲು ಅವಳಿಗೆ ಆವತ್ತು ಬಾಯಿ ಬರಲಿಲ್ಲ.

ಬೆಳಗ್ಗೆ ಬಸ್ ಸ್ಟ್ಯಾಂಡಿನ ಬೆಳಕಿನಲ್ಲಿ ಈರಲಿಂಗಪ್ಪ ಅವಳನ್ನು ಮೊದಲ ಸಲ ನೋಡಿದ. ನಾಚಿಕೆ ಬಿಟ್ಟು, ಅವಸರವಿಲ್ಲದೆ ನೋಡಿದ. ಹಣೆಯ ಸಣ್ಣ ಕುಂಕುಮ, ಕಿವಿಯ ಹತ್ತಿರ ನರೆತ ಎಳೆಗಳು, ಮೂಗಿನ ಪಕ್ಕದ ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು. ಒಂದನ್ನೂ ಬಿಡಲಿಲ್ಲ.

“ಏನ್ ಅಂಗ್ ನೋಡ್ತೀರಿ? ಜನ ಅವ್ರೆ.”

“ಕಣ್ಣಾಗೆ ಇಟ್ಕಳ್ತಾ ಇದೀನಿ,” ಎಂದ.

ಬಸ್ಸು ಕಂಬದೂರು ದಾಟುವವರೆಗೂ ಅವಳಿಗೆ ಆ ಮಾತಿನಿಂದ ಹೊರಬರಲಾಗಲಿಲ್ಲ.

*

ಧರ್ಮಾವರದ ಸಂಬಂಧ ಬೇಡವೆಂದು ಅವಳು ತಮ್ಮನಿಗೆ ಹೇಳಿದಳು. ಕಲ್ಯಾಣದುರ್ಗಕ್ಕೆ ಹೋಗಿದ್ದನ್ನೂ ಹೇಳಿದಳು. ಶ್ರೀರಾಮುಲು ಮಗ್ಗ ನಿಲ್ಲಿಸಿದ. “ಕಣ್ಣಿಲ್ದೋನು. ಮ್ಯಾಲೆ ನಮ್ ಜನ ಅಲ್ಲ. ನಾಕು ಜನ ಏನಂತಾರೆ ಅಕ್ಕಾ?”

“ಅಪ್ಪನ್ನ ಎತ್ತಿ ಕೂರಿಸ್ವಾಗ ಆ ನಾಕು ಜನ ಬಂದಿದ್ರಾ?” ಎಂದಳು. ಆಮೇಲೆ, “ನಾನೇನ್ ಹೂಂ ಅಂದಿಲ್ಲ. ಯಾರಿಗೂ ಅಂದಿಲ್ಲ,” ಎಂದು ಒಳಗೆ ಹೋದಳು.

ಅದು ನಿಜವೂ ಆಗಿತ್ತು. ಮಳೆಗಾಲ ಬಂತು. ಆ ಸೀಮೆಯಲ್ಲಿ ಮಳೆಗಿಂತ ಮೋಡವೇ ಹೆಚ್ಚು. ವಾರಗಟ್ಟಲೆ ಆಕಾಶ ಮುಚ್ಚಿತ್ತು. ಈರಲಿಂಗಪ್ಪ ಚುಕ್ಕೆ ಕೇಳುವುದನ್ನು ಬಿಟ್ಟಿದ್ದ. “ಊಟ ಆಯ್ತಾ?” ಎಂದಷ್ಟೇ ಕೇಳುತ್ತಿದ್ದ, “ಆಯ್ತು” ಎನ್ನುತ್ತಿದ್ದಳು. ಆಫೀಸಿನಲ್ಲಿ ಕಣ್ಣಿನ ವಿಷಯ ತಾನೇ ಹೇಳಿದೆನೆಂದೂ, ಬೋರ್ಡಿನ ಕೆಲಸ ಕೈಯಳತೆಯ ಮೇಲೆ ನಡೆಯುತ್ತದೆ, ಕಣ್ಣಿಲ್ಲದವರೂ ಮಾಡುತ್ತಾರೆ, ತೆಗೆಯುವುದಿಲ್ಲ ಎಂದು ಸಾಹೇಬರು ಅಂದರೆಂದೂ ಒಂದು ದಿನ ಹೇಳಿದ. ಅವಳು, “ಒಳ್ಳೇದು,” ಎಂದಳು. ಅವನು ಒಮ್ಮೆ ಅಂದಿದ್ದ ಹಾಗಲ್ಲ, ನಿಜವಾಗಿ.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಟೈಫಾಯಿಡ್. ಮದುವೆಯ ಸೀಸನ್, ಮಗ್ಗ ನಿಲ್ಲಿಸುವಂತಿರಲಿಲ್ಲ. ರಾಮಕ್ಕ ನೂಲು ಸುತ್ತುವ ಮಧ್ಯೆ ಬಂದು ಹಣೆ ಮುಟ್ಟಿ ಹೋಗುತ್ತಿದ್ದಳು. ಯಾರ ತಪ್ಪೂ ಇಲ್ಲ. ಅಪ್ಪ ಮಲಗಿದ್ದ ಕೋಣೆಯಲ್ಲೇ ಚೌಡೇಶ್ವರಿ ಸೂರಿನ ತೊಲೆ ನೋಡುತ್ತ ಮಲಗಿದ್ದಳು. ನೀರು ಬೇಕೆಂದರೂ ಕೂಗಲು ಮನಸ್ಸಾಗುತ್ತಿರಲಿಲ್ಲ. ಕೇಳಿ ಅಭ್ಯಾಸವಿರಲಿಲ್ಲ.

ಒಂದು ಮಧ್ಯಾಹ್ನ ರಾಮಕ್ಕ ಬಾಗಿಲಲ್ಲಿ ನಿಂತು, “ಯಾರೋ ಬಂದವ್ರೆ. ಕಲ್ಯಾಣದುರ್ಗದಿಂದಂತೆ,” ಎಂದಳು.

ಈರಲಿಂಗಪ್ಪನ ಕೈಯಲ್ಲಿ ಒಂದು ಚೀಲ, ಒಂದು ಕೋಲು. ಲೈನಿನಲ್ಲಿ ಮುನೆಮ್ಮ ಹೇಳಿದ್ದಳಂತೆ. ರಜೆ ಹಾಕಿ, ಬೆಳಗಿನ ಬಸ್ಸು ಹಿಡಿದು ಒಬ್ಬನೇ ಬಂದಿದ್ದ. ಶ್ರೀರಾಮುಲು ಮಗ್ಗದಿಂದ ಏಳಲಿಲ್ಲ, ಹೋಗೆಂದೂ ಹೇಳಲಿಲ್ಲ. ಈರಲಿಂಗಪ್ಪ ಅಡುಗೆಮನೆ ಎಲ್ಲಿದೆ ಎಂದು ರಾಮಕ್ಕನನ್ನು ಕೇಳಿ, ರಾಗಿ ಹಿಟ್ಟಿನ ಡಬ್ಬ, ಉಪ್ಪು, ಬೆಂಕಿಪೊಟ್ಟಣ, ಸೌದೆ ಎಲ್ಲವನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಅವಳ ಜ್ವರ ಬಿಡುವವರೆಗೆ ದಿನವೂ ಬರುತ್ತಿದ್ದ. ಗಂಜಿ ಕಾಯಿಸಿ, ಒದ್ದೆಬಟ್ಟೆ ಹಾಕಿ, ಕತ್ತಲಾಗುವ ಮೊದಲು ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿಗೆ ಹೋಗುತ್ತಿದ್ದ.

ಒಂದು ಸಂಜೆ ಜೋರು ಗಾಳಿಮಳೆ ಬಂದು ಹೊರಡಲಾಗಲಿಲ್ಲ. ಕರೆಂಟ್ ಹೋಯಿತು. ಮಗ್ಗದ ಸದ್ದು ನಿಂತಿತು. ಬುಡ್ಡಿ ಹುಡುಕುತ್ತ ರಾಮಕ್ಕ ಹೊಸ್ತಿಲು ಎಡವಿದಳು, ಶ್ರೀರಾಮುಲು ಗುಂಡಿಯಲ್ಲೇ ಅಲ್ಲಾಡದೆ ಕೂತ. ಆ ಕಗ್ಗತ್ತಲಿನಲ್ಲಿ ಅಡುಗೆಮನೆಯಿಂದ ಪಾತ್ರೆಯ ಸದ್ದು, ಗಂಜಿ ಬಗ್ಗಿಸಿದ ಸದ್ದು, ಆಮೇಲೆ ನಿಧಾನವಾದ ಹೆಜ್ಜೆ. ಒಂದು ತೊಟ್ಟೂ ಚೆಲ್ಲದೆ ಲೋಟ ಅವಳ ಕೈಗೆ ಬಂತು.

“ಬಿಸಿ ಐತೆ. ಊದ್ಕಂಡು ಕುಡೀರಿ.”

“ಕರೆಂಟ್ ಹೋಗೈತೆ.”

“ಹೋಯ್ತಾ? ನಂಗೆ ಗೊತ್ತೇ ಆಗ್ಲಿಲ್ಲ.”

ಅವಳು ಕುಡಿದಳು. ಅವನ ಅಂಗೈ ಬೆನ್ನಿಗೆ ಆಸರೆಯಾಗಿತ್ತು. ಈ ಕೋಣೆಯಲ್ಲಿ ಬೇರೆಯವರ ಬೆನ್ನಿಗೆ ಹಾಗೆ ಕೈಕೊಟ್ಟವಳು ಅವಳು. ತನ್ನ ಬೆನ್ನಿಗೂ ಒಂದು ಕೈ ಸಿಗಬಹುದೆಂದು ಎಂದೂ ಎಣಿಸಿರಲಿಲ್ಲ. ಬುಡ್ಡಿ ಹತ್ತಿಸಿಕೊಂಡು ಬಂದ ಶ್ರೀರಾಮುಲು ಬಾಗಿಲಲ್ಲೇ ನಿಂತ. ಸ್ವಲ್ಪ ಹೊತ್ತು ನೋಡಿ, “ಈ ಮಳೆಯಾಗೆ ಎಲ್ಲಿಗೋಯ್ತೀರಿ ಅಣ್ಣಾ, ಇಲ್ಲೇ ನಡುಮನೆಯಾಗೆ ಮಲಗಿ,” ಎಂದ.

*

ಶ್ರಾವಣದ ಕೊನೆಗೆ ಮೋಡ ಹರಿಯಿತು. ಜ್ವರ ಬಿಟ್ಟಿತ್ತು, ಕಾಲಿನಲ್ಲಿ ಶಕ್ತಿ ಬಂದಿರಲಿಲ್ಲ. ಮಾರನೆಯ ದಿನ ಈರಲಿಂಗಪ್ಪ ಊರಿಗೆ ಹೊರಡಬೇಕು. ದೀಪ ಹಚ್ಚುವ ಹೊತ್ತಿಗೆ ರಾಮಕ್ಕ ಅವಳನ್ನು ಮೆಲ್ಲಗೆ ಮಾಳಿಗೆಗೆ ಹತ್ತಿಸಿ, ಗೋಡೆಗೆ ದಿಂಬು ಕೊಟ್ಟು ಕೂರಿಸಿದಳು. ಅವನೂ ಗೋಡೆ ಹಿಡಿದುಕೊಂಡು ಹತ್ತಿಬಂದ.

ಕತ್ತಲು ಕವಿಯಿತು. ಮಳೆ ತೊಳೆದ ಆಕಾಶ. ಬೇಸಿಗೆಯಲ್ಲಿ ನೋಡಿದ್ದೆಲ್ಲ ಸ್ಥಳ ಬದಲಿಸಿತ್ತು.

“ಇವತ್ತು ನಂಗೆ ಹೇಳಕ್ಕೆ ಶಕ್ತಿ ಇಲ್ಲ,” ಎಂದಳು.

“ಬ್ಯಾಡ. ನಾನೇ ಹೇಳ್ತೀನಿ. ನೀವ್ ಕಣ್ಮುಚ್ಕಳ್ಳಿ.”

ಅವಳು ಕಣ್ಣು ಮುಚ್ಚಿದಳು. ಅವನು ಮುಖ ಮೇಲೆತ್ತಿ ಹೇಳತೊಡಗಿದ. ಮುದುಕಿ ಮಂಚ ವಾಯವ್ಯಕ್ಕೆ ಜಾರಿರುತ್ತದೆ, ಇನ್ನೇನು ಮುಳುಗುತ್ತದೆ. ಚಿತ್ತಾ ಪಡುವಣದ ಅಂಚಿನಲ್ಲಿ. ತ್ರಿಶಂಕು ಹೋಗಿಯಾಯಿತು. ಚೇಳು ದಕ್ಷಿಣ ದಾಟಿ ಬಾಲ ಎತ್ತಿಕೊಂಡು ಮಲಗಿದೆ. ಅದರ ಬಾಲದಿಂದ ಎದ್ದ ಆಕಾಶಗಂಗೆ ಮೇಲೆ ಹತ್ತಿ ಈಶಾನ್ಯಕ್ಕೆ ಇಳಿಯುತ್ತದೆ, ಹಾಲು ಚೆಲ್ಲಿ ಒರೆಸಿದ ಹಾಗೆ. ಉತ್ತರದಲ್ಲಿ ಎತ್ತರಕ್ಕೆ ಅಭಿಜಿತ್, ಎಲ್ಲಕ್ಕಿಂತ ಹೊಳಪು. ಪೂರ್ವಕ್ಕೆ ಶ್ರವಣ, ಅಕ್ಕಪಕ್ಕ ಎರಡು ಸಣ್ಣ ಚುಕ್ಕೆ.

“ಕುರುಡು ಅಪ್ಪ ಅಮ್ಮನ್ನ ಕಾವಡಿಯಾಗೆ ಹೊತ್ಕಂಡು ಹೋದೋನು,” ಎಂದಳು ಕಣ್ಣು ತೆರೆಯದೆ. “ಪಾಪ, ಅವ್ನಿಗೂ ಭುಜ ನೋಯ್ತಿತ್ತೇನೋ. ಯಾರೂ ಕೇಳಿಲ್ಲ.”

ಅವನು ಮೇಲೆತ್ತಿದ್ದ ಮುಖ ಇಳಿಸಿದ. “ನಾನು ಕೇಳ್ತೀನಿ. ದಿನಾ ಕೇಳ್ತೀನಿ. ಹೊರ್ಸಲ್ಲ ಅಂತ ಹೇಳಕ್ಕಾಗಲ್ಲ, ಚೌಡೇಶ್ವರಿ. ಒಂದೊಂದ್ ದಿನ ಹೊರ್ಸ್‌ತೀನಿ. ಆದ್ರೆ ನಾನೂ ಹೊರ್ತೀನಿ.”

ಮೇಡಂ ಅನ್ನದೆ ಅವನು ಅವಳ ಹೆಸರು ಹಿಡಿದಿದ್ದು ಇದೇ ಮೊದಲು.

“ಕೇಳಿದ್ರಲ್ಲ, ಕೊನೆಗೆ,” ಎಂದಳು.

“ಕೇಳ್ದೆ. ಇಲ್ಲ ಅನ್ಬೋದು ನೀವು.”

ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ತನ್ನ ಕಡೆಗಲ್ಲದೆ ಇನ್ನೆತ್ತಲೋ ನೋಡುತ್ತ ಕೂತಿದ್ದ ಗಂಡಸು. ಇಲ್ಲ ಅನ್ನಲು ಕಾರಣಗಳು ಅವಳಿಗೆ ಬಾಯಿಪಾಠವಾಗಿದ್ದವು. ಒಂದೂ ಸುಳ್ಳಾಗಿರಲಿಲ್ಲ. ಆದರೂ ಅವನು ನಾಳೆ ಬಸ್ಸು ಹತ್ತುವುದು ಅವಳಿಗೆ ಬೇಡವಾಗಿತ್ತು.

“ಟ್ರಾನ್ಸ್‌ಫರ್‌ಗೆ ನಾನ್ ಹಾಕ್ಲಾ, ನೀವ್ ಹಾಕ್ತೀರಾ?” ಎಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅವನ ಕೈ ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿ, ತಲೆಯನ್ನು ಅವನ ಭುಜಕ್ಕೆ ವಾಲಿಸಿದಳು.

“ನಾನೇ ಹಾಕ್ತೀನಿ,” ಎಂದ ಕೊನೆಗೆ. “ಇಲ್ಲಿ ನಿಮ್ ತಮ್ಮ ಅವ್ನೆ. ನಿಮ್ ಊರು.”

“ಹೂಂ. ಇನ್ನೂ ಏನೇನ್ ಐತೆ ಮ್ಯಾಲೆ, ಹೇಳಿ.”

ಅವನು ಹೇಳಿದ. ಈಶಾನ್ಯದಲ್ಲಿ ಹಂಸ, ರೆಕ್ಕೆ ಚಾಚಿಕೊಂಡು ಆಕಾಶಗಂಗೆಯ ಮೇಲೇ ಹಾರುತ್ತಿದೆ. ಅದಾದ ಮೇಲೆ ಇನ್ನೂ ಯಾವುದೋ ಒಂದು. ಭುಜದ ಮೇಲಿನ ಉಸಿರು ನೀಳವಾಗಿದ್ದನ್ನು ಕೇಳಿ ಅವನು ದನಿ ತಗ್ಗಿಸಿದ, ಆಮೇಲೆ ನಿಲ್ಲಿಸಿದ.

ಊಟಕ್ಕೆ ಕರೆಯಲು ರಾಮಕ್ಕ ಮೇಲೆ ಬಂದಳು. ಹೆಜ್ಜೆಯ ಸದ್ದಿಗೆ ಅವನು ಕೈ ಎತ್ತಿದ.

“ಮಲಗವ್ಳೆ,” ಎಂದ ಪಿಸುದನಿಯಲ್ಲಿ. “ಇರ್ಲಿ ಬಿಡಮ್ಮ. ನಂಗೇನ್ ಭಾರ ಇಲ್ಲ.”

ರಾಮಕ್ಕ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತಿಗೆ ಹೀಗೆ ಬಾಯಿ ತೆರೆದು, ಮೈಮರೆತು ನಿದ್ದೆ ಮಾಡಿದ್ದನ್ನು ಕಂಡಿರಲಿಲ್ಲ. ಒಂದು ಸಣ್ಣ ಕೆಮ್ಮಿಗೂ ಎದ್ದು ಕೂರುತ್ತಿದ್ದವಳು. ರಾಮಕ್ಕ ಸದ್ದಾಗದ ಹಾಗೆ ಬಳೆ ಹಿಡಿದುಕೊಂಡು, ಹಗ್ಗದ ಮೇಲಿದ್ದ ದುಪ್ಪಟಿ ತಂದು ಇಬ್ಬರ ಕಾಲಿನ ಮೇಲೆ ಹೊದಿಸಿ, ಕೆಳಗಿಳಿದು ಹೋದಳು.